ಹಾಸನದಲ್ಲಿ ಮೋಲ್, ಟೈಟ್ರೇಶನ್ ಲೆಕ್ಕಕ್ಕೇ ಅಂತ ಇರೋ ಭಾನುವಾರದ ಟ್ಯೂಷನ್: ದುಡ್ಡು ಕೊಟ್ಟಿದ್ದಕ್ಕೆ ಸಾರ್ಥಕನಾ?

ಪೂರ್ತಿ ಓದೋಕೆ ಪುರುಸೊತ್ತಿಲ್ಲದವರಿಗೆ ಮೊದ್ಲೇ ಹೇಳ್ಬಿಡ್ತೀನಿ, ಸೇರಿಸಿ. ನೀಟ್ ರ್ಯಾಂಕ್ ಬರುತ್ತೆ ಅನ್ನೋ ಆಸೆಗಲ್ಲ, ನಿಮ್ಮ ಮಗ ಅಥವಾ ಮಗಳು ಲೆಕ್ಕ ನೋಡಿದ ತಕ್ಷಣ ಯಾವ ಫಾರ್ಮುಲಾ ಹಾಕ್ಲಿ ಅಂತ ಪುಟ ತಿರುವೋ ಚಾಳಿ ಇದ್ರೆ ಅದನ್ನ ಬಿಡಿಸೋಕೆ. ನನ್ನ ಕಡೆಯಿಂದ 5ಕ್ಕೆ 4. ಒಂದು ಸ್ಟಾರ್ ಯಾಕೆ ಕಟ್ ಮಾಡ್ದೆ ಅಂತ ಕೆಳಗೆ ಬರ್ದಿದೀನಿ, ಅದು ಸ್ವಲ್ಪ ಉದ್ದ ಇದೆ.

ಟ್ಯೂಷನ್ ಹೆಸರು ಹಾಕಲ್ಲ, ಹಾಕೋಕೆ ಹೆಸರೂ ಇಲ್ಲ ಅನ್ನಿ, ಮೇಡಂ ಬೋರ್ಡೇ ಹಾಕಿಲ್ಲ. ಪಿಯು ಕಾಲೇಜಲ್ಲಿ ಕೆಮಿಸ್ಟ್ರಿ ಲೆಕ್ಚರರ್ ಆಗಿ ರಿಟೈರ್ ಆದವ್ರು, ಮನೆ ಮೇಲಿನ ಹಾಲ್‌ನಲ್ಲಿ ಮಾಡ್ತಾರೆ, ಒಂದು ಬ್ಯಾಚ್‌ಗೆ ಇಪ್ಪತ್ತೈದು ಮಕ್ಕಳ ಹತ್ರ ಹತ್ರ. ಭಾನುವಾರ ಬೆಳಿಗ್ಗೆ ಏಳರಿಂದ ಒಂಬತ್ತೂವರೆ. ಫೀಸ್ ಪೂರ್ತಿ ಬ್ಯಾಚ್‌ಗೆ 2800, ಬುಕ್ಲೆಟ್‌ಗೆ ಬೇರೆ 150. ವಿಷಯ ಇಷ್ಟೇ: ಮೋಲ್ (ಪದಾರ್ಥದ ಅಣುಗಳನ್ನ ಎಣಿಸೋ ಅಳತೆ), ಮೊಲಾರಿಟಿ (ಒಂದು ಲೀಟರ್ ದ್ರಾವಣದಲ್ಲಿ ಎಷ್ಟು ಮೋಲ್), ಮೊಲಾಲಿಟಿ, ಡೈಲ್ಯೂಶನ್ (ನೀರು ಸೇರಿಸಿ ತೆಳು ಮಾಡೋದು), ಆಮ್ಲ ಪ್ರತ್ಯಾಮ್ಲ ಟೈಟ್ರೇಶನ್ (ಒಂದು ದ್ರಾವಣಕ್ಕೆ ಇನ್ನೊಂದನ್ನ ಹನಿ ಹನಿ ಬಿಟ್ಟು, ಎಷ್ಟು ಹಿಡೀತು ಅಂತ ನೋಡಿ ಸಾರತೆ ಲೆಕ್ಕ ಹಾಕೋದು), ಪರ್ಮ್ಯಾಂಗನೇಟ್ ಟೈಟ್ರೇಶನ್, ಕೊನೇಲಿ ಬ್ಯಾಕ್ ಟೈಟ್ರೇಶನ್. ಆರ್ಗ್ಯಾನಿಕ್ ಕೇಳಿದ್ರೆ ‘ಅದಕ್ಕೆ ಬೇರೆಯವ್ರ ಹತ್ರ ಹೋಗಮ್ಮ’ ಅಂತಾರೆ. ಇದು ನನಗೆ ತುಂಬಾ ಹಿಡಿಸ್ತು, ಎಲ್ಲಾನೂ ಮಾಡ್ಸ್ತೀವಿ ಅಂತ ಫ್ಲೆಕ್ಸ್ ಹಾಕೋ ಕಾಲದಲ್ಲಿ ಇಷ್ಟೇ ಮಾಡ್ಸೋದು ಅಂತ ಹೇಳೋರು ಎಲ್ಲಿ ಸಿಗ್ತಾರೆ.

ನಾನು ಯಾಕೆ ಇಷ್ಟು ಮಾತಾಡ್ತಿದೀನಿ ಅಂದ್ರೆ ನನ್ನ ಕೆಲಸಾನೇ ಇದು. ಹಾಲಿನ ಡೈರಿ ಲ್ಯಾಬ್‌ನಲ್ಲಿ ಕ್ವಾಲಿಟಿ ಟೆಸ್ಟಿಂಗ್. ಬೆಳಿಗ್ಗೆ ಟ್ಯಾಂಕರ್ ಬಂದ್ರೆ 10 ಎಂಎಲ್ ಹಾಲು ತಗೊಂಡು, ಫಿನಾಲ್ಫ್ತಲೀನ್ (ಆಮ್ಲ ಮುಗಿದ ಕೂಡ್ಲೇ ಗುಲಾಬಿಯಾಗೋ ಸೂಚಕ) ಹಾಕಿ, ಕಾಸ್ಟಿಕ್ ಸೋಡಾ (ಸೋಡಿಯಂ ಹೈಡ್ರಾಕ್ಸೈಡ್) ಬಿಟ್ಟು ಅಸಿಡಿಟಿ ನೋಡೋದು ದಿನದ ಕೆಲ್ಸ. ಅದಕ್ಕೆ ಮಗಳು ಸೆಕೆಂಡ್ ಪಿಯುಸಿಗೆ ಬಂದ್ಮೇಲೆ ಟೈಟ್ರೇಶನ್ ಲೆಕ್ಕ ಬರಲ್ಲ ಅಂತ ಅತ್ತಾಗ ನಾನೇ ಹೇಳ್ಕೊಡೋಕೆ ಕೂತೆ, ‘ಪಪ್ಪಾ ನೀವು ಹೇಳೋದೇ ಬೇರೆ, ಕಾಲೇಜಲ್ಲಿ ಹೇಳೋದೇ ಬೇರೆ’ ಅಂತ ಎದ್ದೋದ್ಲು. ಅವಳ ತಪ್ಪೂ ಇಲ್ಲ. ನಮ್ಮ ಲ್ಯಾಬಲ್ಲಿ ಬಾಟ್ಲಿ ಮೇಲೆ ಇವತ್ತಿಗೂ ಎನ್/9 ಅಂತಾನೇ ಬರ್ದಿರುತ್ತೆ, ನಾರ್ಮಾಲಿಟಿ ಅನ್ನೋ ಹಳೇ ಅಳತೆ ಲೆಕ್ಕ, ಅಂದ್ರೆ ಒಂಬತ್ತರಲ್ಲೊಂದು ನಾರ್ಮಲ್, ಅವ್ಳ ಪಠ್ಯದಲ್ಲಿ ನಾರ್ಮಾಲಿಟಿನೇ ಇಲ್ಲ, ಎಲ್ಲಾ ಮೊಲಾರಿಟಿ. ಹಂಗಾಗಿ ಮೇಡಂ ಹತ್ರ ಹೋಗಿದ್ದು.

ಡೆಮೋ ಕ್ಲಾಸಿಗೆ ಅಪ್ಪ ಅಮ್ಮಂದಿರೂ ಹಿಂದೆ ಕೂರಬಹುದು. ಮೇಡಂ ಬಂದವ್ರೇ ಬೋರ್ಡ್ ಮೇಲೆ ಒಂದು ಲೆಕ್ಕ ಬರೆದ್ರು. 0.05 ಮೊಲಾರ್ ಆಕ್ಸಾಲಿಕ್ ಆಸಿಡ್ 20 ಎಂಎಲ್, ಅದಕ್ಕೆ ಪೊಟ್ಯಾಸಿಯಂ ಪರ್ಮ್ಯಾಂಗನೇಟ್ 20 ಎಂಎಲ್ ಬೇಕಾಯ್ತು, ಪರ್ಮ್ಯಾಂಗನೇಟ್‌ದು ಮೊಲಾರಿಟಿ ಎಷ್ಟು? ಇಡೀ ಕ್ಲಾಸು ಒಂದೇ ಬಾಯಲ್ಲಿ 0.05 ಅಂತು. ಎಂ1ವಿ1 ಸಮ ಎಂ2ವಿ2 (ಎಂ ಅಂದ್ರೆ ಮೊಲಾರಿಟಿ, ವಿ ಅಂದ್ರೆ ಎಷ್ಟು ಎಂಎಲ್), ಎರಡು ಕಡೆನೂ 20, ಹೊಡೆದ್ಹಾಕು, ಆಯ್ತು. ಮೇಡಂ ಏನೂ ಹೇಳ್ದೆ ಕೆಳಗೆ ಸಮೀಕರಣ ಬರೆದ್ರು, ಎರಡು ಪರ್ಮ್ಯಾಂಗನೇಟ್ ಐದು ಆಕ್ಸಾಲಿಕ್ ಆಸಿಡ್ ಜೊತೆ ಸೇರುತ್ತೆ ಅಂತ. ಆಮೇಲೆ ನಿಧಾನಕ್ಕೆ ಕೇಳಿದ್ರು, ಆಕ್ಸಾಲಿಕ್ ಎಷ್ಟು ಮಿಲಿಮೋಲ್ (ಮೋಲ್‌ನ ಸಾವಿರದಲ್ಲೊಂದು ಭಾಗ) ಇದೆ? 0.05 ಗುಣಿಸು 20, ಒಂದು. ಐದಕ್ಕೆ ಎರಡು ಅಂದ್ರೆ ಒಂದಕ್ಕೆ? 0.4. ಆ 0.4 ಮಿಲಿಮೋಲ್ ಎಷ್ಟು ಎಂಎಲ್‌ನಲ್ಲಿತ್ತು? 20ರಲ್ಲಿ. ಹಂಗಾದ್ರೆ 0.02. ‘ಡೈಲ್ಯೂಶನ್‌ಗೆ ಇರೋ ಫಾರ್ಮುಲಾನ ಟೈಟ್ರೇಶನ್‌ಗೆ ಯಾರಪ್ಪ ಹಾಕೋಕೆ ಹೇಳಿದ್ದು?’ ಅಂದ್ರು ಅಷ್ಟೇ. ಎರಡೂವರೆ ಪಟ್ಟು ತಪ್ಪು ಉತ್ತರ, ಅದನ್ನ ಧೈರ್ಯವಾಗಿ ಇಡೀ ಕ್ಲಾಸು ಹೇಳಿತ್ತು.

ಅಲ್ಲಿಗೇ ನಾನು ಫೀಸ್ ಕಟ್ಬಿಟ್ಟೆ.

ಈ ಬ್ಯಾಚ್‌ನ ಜೀವಾಳ ಇದೇ ಕಣ್ರೀ, ಬೇರೆ ಎಲ್ಲಾ ಪಕ್ಕಕ್ಕಿಡಿ. ಮೇಡಂ ಮೊದಲ ಕೆಲವು ವಾರ ಫಾರ್ಮುಲಾ ಅನ್ನೋದನ್ನ ಬರೆಯೋಕೇ ಬಿಡಲ್ಲ. ನೋಟ್‌ಬುಕ್ ಪುಟಾನ ಮೂರು ಭಾಗ ಮಾಡ್ಸ್ತಾರೆ, ಒಂದ್ರಲ್ಲಿ ಏನು ಕೊಟ್ಟಿದಾರೆ, ಮಧ್ಯದಲ್ಲಿ ಅದು ಎಷ್ಟು ಮಿಲಿಮೋಲ್, ಮೂರನೇದ್ರಲ್ಲಿ ಸಮೀಕರಣ ಏನು ಅನುಪಾತ ಹೇಳುತ್ತೆ. ಮೊಲಾರಿಟಿನ ಎಂಎಲ್‌ನಿಂದ ಗುಣಿಸಿದ್ರೆ ನೇರ ಮಿಲಿಮೋಲ್ ಬರುತ್ತೆ, 1000ದಿಂದ ಭಾಗಿಸೋದು ಮತ್ತೆ ಗುಣಿಸೋದು ಅನ್ನೋ ಜಂಜಾಟ ಇಲ್ಲ, ಸೊನ್ನೆ ತಪ್ಪಲ್ಲ. ಇದು ಏನು ದೊಡ್ಡ ರಹಸ್ಯ ಅಲ್ಲ ಬಿಡಿ, ಆದ್ರೆ ಪ್ರತಿ ಲೆಕ್ಕಕ್ಕೂ ಅದೇ ದಾರೀಲಿ ನಡೆಸ್ತಾರಲ್ಲ ಅದು ದೊಡ್ಡದು. ಉದಾಹರಣೆಗೆ 0.2 ಮೊಲಾರ್ ಹೈಡ್ರೋಕ್ಲೋರಿಕ್ ಆಸಿಡ್ 100 ಎಂಎಲ್‌ಗೆ 0.1 ಮೊಲಾರ್ ಸೋಡಿಯಂ ಹೈಡ್ರಾಕ್ಸೈಡ್ 150 ಎಂಎಲ್ ಸುರಿದ್ರೆ ಏನು ಉಳಿಯುತ್ತೆ? 20 ಮಿಲಿಮೋಲ್ ಆಸಿಡ್, 15 ಮಿಲಿಮೋಲ್ ಬೇಸ್, ಉಳಿದಿದ್ದು 5, ಒಟ್ಟು ನೀರು ಈಗ 250 ಎಂಎಲ್, ಹಂಗಾಗಿ 0.02 ಮೊಲಾರ್, ಪಿಎಚ್ 1.7. ಮಗಳು ಮೊದ್ಲು ಇಲ್ಲಿ 5ನ್ನ 100ರಿಂದ ಭಾಗಿಸ್ತಿದ್ಲು, ಸುರಿದ್ಮೇಲೆ ಪ್ರಮಾಣ ಹೆಚ್ಚಾಗುತ್ತೆ ಅನ್ನೋದೇ ತಲೆಗೆ ಹೋಗ್ತಿರಲಿಲ್ಲ. ಈಗ ಮೂರನೇ ಕಾಲಂ ಪಕ್ಕ ತಾನೇ ಸಣ್ಣದಾಗಿ ‘ಒಟ್ಟು ಎಂಎಲ್’ ಅಂತ ಬರ್ಕೊಳ್ತಾಳೆ.

ಮೊಲಾಲಿಟಿ ಕ್ಲಾಸ್ ಬಗ್ಗೆ ಹೇಳ್ಲೇಬೇಕು. ಸಾಮಾನ್ಯವಾಗಿ ಏನ್ ಹೇಳ್ತಾರೆ, ಮೊಲಾರಿಟಿ ಅಂದ್ರೆ ಲೀಟರ್ ದ್ರಾವಣಕ್ಕೆ, ಮೊಲಾಲಿಟಿ ಅಂದ್ರೆ ಕೇಜಿ ದ್ರಾವಕಕ್ಕೆ, ಉಷ್ಣಾಂಶ ಏರಿದ್ರೆ ಮೊದಲನೇದು ಬದಲಾಗುತ್ತೆ ಎರಡನೇದು ಆಗಲ್ಲ, ಎರಡು ಮಾರ್ಕ್ಸ್ ಪ್ರಶ್ನೆ, ಮುಂದೆ ಹೋಗು. ಮೇಡಂ ಒಂದು ಸಲ್ಫ್ಯೂರಿಕ್ ಆಸಿಡ್ ಬಾಟ್ಲಿ ಲೇಬಲ್‌ನ ಫೋಟೋ ಜೆರಾಕ್ಸ್ ಮಾಡಿ ಕೊಟ್ರಂತೆ, 98 ಪರ್ಸೆಂಟ್, ಸಾಂದ್ರತೆ 1.84. ಒಂದು ಲೀಟರ್ ತಗೊಂಡ್ರೆ ತೂಕ 1840 ಗ್ರಾಂ, ಅದ್ರಲ್ಲಿ ಆಸಿಡ್ 1803 ಗ್ರಾಂ, ಅದನ್ನ ಆಸಿಡ್ ಅಣುತೂಕ 98ರಿಂದ ಭಾಗಿಸಿದ್ರೆ 18.4 ಮೋಲ್, ಅಂದ್ರೆ 18.4 ಮೊಲಾರ್. ಸರಿ. ಈಗ ಮೊಲಾಲಿಟಿ ಮಾಡಿ ಅಂದ್ರು. ಮಕ್ಕಳು 18, 20 ಏನೋ ಹತ್ರ ಹತ್ರ ಬರುತ್ತೆ ಅಂದ್ಕೊಂಡಿದ್ರು. ನೀರು ಇರೋದೇ 37 ಗ್ರಾಂ, ಹಂಗಾಗಿ ಮೊಲಾಲಿಟಿ ಬರೋದು 500. ಐನೂರು! ಮಗಳು ಮನೆಗೆ ಬಂದು ನನ್ ಮುಂದೆ ಇನ್ನೊಂದ್ಸಲ ಮಾಡಿ ತೋರಿಸಿದ್ಲು. ತಿಳಿ ದ್ರಾವಣದಲ್ಲಿ ಎರಡೂ ಹೆಚ್ಚುಕಮ್ಮಿ ಒಂದೇ ಬರೋದ್ರಿಂದ ಮಕ್ಕಳಿಗೆ ಅವೆರಡೂ ಒಂದೇ ಅನ್ನೋ ಭ್ರಮೆ ಇರುತ್ತೆ, ಈ ಒಂದು ಲೆಕ್ಕ ಸಾಕು ಅದು ಕಳಚೋಕೆ. ಅದೇ ಬಾಟ್ಲಿಯಿಂದ ಅರ್ಧ ಮೊಲಾರ್ ದ್ರಾವಣ 500 ಎಂಎಲ್ ಮಾಡ್ಬೇಕಾದ್ರೆ 13.6 ಎಂಎಲ್ ಬೇಕು ಅನ್ನೋದೂ ಮಾಡ್ಸಿದ್ರು, ಜೊತೆಗೆ ನೀರಿಗೆ ಆಸಿಡ್ ಹಾಕ್ಬೇಕು, ಆಸಿಡ್‌ಗೆ ನೀರಲ್ಲ ಅಂತ ನೋಟ್ಸಲ್ಲಿ ಎರಡು ಸಲ ಅಂಡರ್‌ಲೈನ್. ಇಲ್ಲಿ ಮಾತ್ರ ಎಂ1ವಿ1 ಹಾಕಿ ಪರ್ವಾಗಿಲ್ಲ ಅಂದ್ರಂತೆ, ಯಾಕಂದ್ರೆ ನೀರು ಸುರಿದ್ರೆ ಮೋಲ್ ಬದಲಾಗಲ್ಲವಲ್ಲ.

ಬುಕ್ಲೆಟ್ ವಿಷ್ಯಕ್ಕೆ ಬರೋಣ. ಲೆಕ್ಕಗಳ ಆಯ್ಕೆ ಚೆನ್ನಾಗಿದೆ, ಸುಲಭದ್ದು ಮೊದ್ಲು ಕಷ್ಟದ್ದು ಆಮೇಲೆ ಅನ್ನೋ ಹಂಗಿಲ್ಲ, ಬೇಕಂತಲೇ ಕಲೆಸಿದಾರೆ, ಪಕ್ಕಪಕ್ಕದ ಎರಡು ಲೆಕ್ಕ ನೋಡೋಕೆ ಒಂದೇ ತರ ಇರುತ್ತೆ ಆದ್ರೆ ದಾರಿ ಬೇರೆ. 20 ಎಂಎಲ್ ಆಕ್ಸಾಲಿಕ್ 0.05 ಮೊಲಾರ್ ಆದ್ಮೇಲೆ ಪಕ್ಕದಲ್ಲೇ 20 ಎಂಎಲ್ ಮೊಹರ್ ಸಾಲ್ಟ್ (ಕಬ್ಬಿಣ ಇರೋ ಒಂದು ಲವಣ) 0.1 ಮೊಲಾರ್ ಕೊಟ್ಟಿದಾರೆ, ಅಲ್ಲಿ ಅನುಪಾತ ಒಂದು ಪರ್ಮ್ಯಾಂಗನೇಟ್‌ಗೆ ಐದು ಕಬ್ಬಿಣ, ಎರಡು ಮಿಲಿಮೋಲ್ ಕಬ್ಬಿಣಕ್ಕೆ 0.4 ಪರ್ಮ್ಯಾಂಗನೇಟ್, ಉತ್ತರ ಮತ್ತೆ ಅದೇ 0.02. ಯಾಕೆ ಅದೇ ಬಂತು ಅಂತ ಯೋಚ್ನೆ ಮಾಡೋಕೆ ಕೆಳಗೆ ಎರಡು ಸಾಲು ಜಾಗ ಬಿಟ್ಟಿದಾರೆ, ಒಂದು ಆಕ್ಸಾಲಿಕ್ ಎರಡು ಎಲೆಕ್ಟ್ರಾನ್ ಕೊಡುತ್ತೆ, ಒಂದು ಕಬ್ಬಿಣ ಒಂದೇ ಕೊಡುತ್ತೆ, ಅದಕ್ಕೆ ಮೊಹರ್ ಸಾಲ್ಟ್ ಡಬಲ್ ಬೇಕು ಅಂತ ಮಗು ತಾನೇ ಬರೀಬೇಕು. (ಮೊಹರ್ ಅನ್ನೋನು ಹತ್ತೊಂಬತ್ತನೇ ಶತಮಾನದ ಜರ್ಮನ್ ರಸಾಯನಜ್ಞ, ಟೈಟ್ರೇಶನ್‌ಗೆ ಬಳಸೋ, ಕೆಳಗೆ ನಲ್ಲಿ ಇರೋ ಗಾಜಿನ ಅಳತೆ ಕೊಳವೆ ಬ್ಯುರೆಟ್‌ನ ಸುಧಾರಿಸಿದವನೂ ಅವ್ನೇ ಅಂತ ಮೇಡಂ ಹೇಳಿದ್ರಂತೆ, ಮಕ್ಕಳಿಗೆ ಇಂಥದ್ದು ನೆನಪಿರುತ್ತೆ ಫಾರ್ಮುಲಾ ಮರೆತ್ರೂ.)

ಆದ್ರೆ ಪ್ರಿಂಟಿಂಗ್, ಅಬ್ಬಬ್ಬಾ. ಆಕ್ಸಾಲಿಕ್ ಆಸಿಡ್ ಹರಳು 1.26 ಗ್ರಾಂ 200 ಎಂಎಲ್‌ನಲ್ಲಿ ಕರಗಿಸಿದ್ರೆ ಮೊಲಾರಿಟಿ ಎಷ್ಟು ಅನ್ನೋ ಲೆಕ್ಕಕ್ಕೆ ಹಿಂದುಗಡೆ ಉತ್ತರ 0.07 ಅಂತ ಹಾಕಿದಾರೆ. ಯಾರೋ ಟೈಪ್ ಮಾಡಿದವ್ರು ಅಣುತೂಕ 90 ಹಿಡ್ದಿದಾರೆ. ಹರಳು ಅಂದ್ರೆ ಅದ್ರೊಳಗೆ ಎರಡು ನೀರಿನ ಅಣು ಕೂತಿರುತ್ತೆ, 126 ಹಿಡೀಬೇಕು, ಸರಿಯಾದ ಉತ್ತರ 0.05. ಮಕ್ಕಳು ಹೆಚ್ಚು ಎಡವೋ ಜಾಗಾನೇ ಇದು, ಅಲ್ಲೇ ಉತ್ತರ ತಪ್ಪಾದ್ರೆ ಹೆಂಗೆ? ಇನ್ನೊಂದು ಕಡೆ ಪರ್ಮ್ಯಾಂಗನೇಟ್ ಸೂತ್ರ ಬರೆಯೋಕೆ ಹೋಗಿ ಎರಡು ಪೊಟ್ಯಾಸಿಯಂ ಹಾಕಿದಾರೆ, ಅದು ಮ್ಯಾಂಗನೇಟ್ ಆಗೋಯ್ತು, ಹಸಿರು ಬಣ್ಣದ್ದು, ಬೇರೇನೇ ಪದಾರ್ಥ. ಮೇಡಂ ಕ್ಲಾಸಲ್ಲಿ ತಿದ್ದಿಸಿದ್ರು ಸರಿ, ಆದ್ರೆ ಅವತ್ತು ಬರದ ಮಕ್ಕಳಿಗೆ? ಒಂದು ತಿದ್ದುಪಡಿ ಹಾಳೆ ಮಾಡಿ ವಾಟ್ಸಾಪ್ ಗ್ರೂಪಿಗೆ ಹಾಕಿ ಅಂತ ಕೇಳ್ಕೊಂಡೆ, ‘ಮಾಡ್ಸ್ತೀನಿ’ ಅಂದ್ರು, ಇನ್ನೂ ಬಂದಿಲ್ಲ. 150 ರೂಪಾಯಿ ತಗೊಂಡ್ಮೇಲೆ ಇಷ್ಟು ನಿರೀಕ್ಷೆ ಮಾಡೋದು ತಪ್ಪಲ್ಲ ಅನ್ಸುತ್ತೆ.

ನಾನು ಸ್ಟಾರ್ ಕಟ್ ಮಾಡಿದ್ದಕ್ಕೆ ದೊಡ್ಡ ಕಾರಣ ಬೇರೆ, ಅಲ್ಲಿ ಬ್ಯುರೆಟ್ ಮುಟ್ಸಲ್ಲ. ಟೇಬಲ್ ಮೇಲೆ ಒಂದು ಹಳೇ ಗಾಜಿನ ಬ್ಯುರೆಟ್ ಇಟ್ಟಿದಾರೆ, ತೋರಿಸ್ತಾರೆ, ಅಷ್ಟೇ. ಮನೇಲಿ ಆಸಿಡ್ ಇಟ್ಕೊಂಡು ಇಪ್ಪತ್ತೈದು ಮಕ್ಕಳ ಕೈಗೆ ಕೊಡೋದು ಕಷ್ಟ, ಅದು ಒಪ್ತೀನಿ. ಆದ್ರೆ ಸೆಕೆಂಡ್ ಪಿಯುಸಿಯಲ್ಲಿ ಥಿಯರಿ 70 ಆದ್ರೆ ಪ್ರಾಕ್ಟಿಕಲ್ 30, ಅದ್ರಲ್ಲಿ ಟೈಟ್ರೇಶನ್ ಇದ್ದೇ ಇದೆ. ಲೆಕ್ಕ ಎಷ್ಟೇ ಸರಿ ಮಾಡಿದ್ರೂ ರೀಡಿಂಗೇ ತಪ್ಪಾದ್ರೆ ಏನು ಬಂತು? ನೀರು, ಇಂಕು ಹಾಕ್ಕೊಂಡಾದ್ರೂ ರೀಡಿಂಗ್ ತಗೊಳೋದು, ಹನಿ ಹನಿ ಬಿಡೋದು ಮಾಡಿಸ್ಬಹುದಿತ್ತು.

ಇದನ್ನ ಓದ್ತಿರೋ ಮಕ್ಕಳಿಗೆ ನಾನೇ ಸ್ವಲ್ಪ ಹೇಳ್ಬಿಡ್ತೀನಿ, ಟ್ಯೂಷನ್ ಬಿಟ್ಟ ಜಾಗ ಇದು. ಬ್ಯುರೆಟ್ ತುಂಬಿದ್ಮೇಲೆ ಕೆಳಗಿನ ತುದೀಲಿ ಗಾಳಿಗುಳ್ಳೆ ಇದ್ಯಾ ನೋಡಿ, ಇದ್ರೆ ಸ್ವಲ್ಪ ಜೋರಾಗಿ ಬಿಟ್ಟು ಓಡಿಸಿ, ಇಲ್ಲಾಂದ್ರೆ ಮಧ್ಯದಲ್ಲಿ ಆ ಗುಳ್ಳೆ ಹೊರಟು ನಿಮ್ಮ ಎಂಎಲ್ ತಿನ್ನುತ್ತೆ. ಮೇಲಿನ ಫನಲ್ ತೆಗೀರಿ, ಅದ್ರಿಂದ ಹನಿ ಬೀಳ್ತಾನೇ ಇರುತ್ತೆ. ದ್ರಾವಣ ಅಳೆದು ಹಾಕೋ ಕೊಳವೆ ಪಿಪೆಟ್‌ನ ಕೊನೇ ಹನಿನ ಊದಬೇಡಿ, ಅದು ಉಳೀಲಿ ಅಂತಾನೇ ಗುರುತು ಹಾಕಿರೋದು. ಬಣ್ಣ ಇಲ್ಲದ ದ್ರಾವಣಕ್ಕೆ ಕೆಳಗಿನ ಬಾಗು ನೋಡ್ತೀವಿ, ಪರ್ಮ್ಯಾಂಗನೇಟ್ ಗಾಢ ಇರೋದ್ರಿಂದ ಮೇಲಿನ ಅಂಚು ನೋಡ್ಬೇಕು. ಆಕ್ಸಾಲಿಕ್‌ನ 60ರಿಂದ 70 ಡಿಗ್ರಿಗೆ ಬಿಸಿ ಮಾಡ್ಕೊಳ್ಳಿ, ಮೊಹರ್ ಸಾಲ್ಟ್‌ನ ಬಿಸಿ ಮಾಡಬೇಡಿ, ಗಾಳಿಗೇ ಕಬ್ಬಿಣ ಆಕ್ಸಿಡೈಸ್ ಆಗೋಗುತ್ತೆ. ಆಕ್ಸಾಲಿಕ್‌ನಲ್ಲಿ ಮೊದಲ ಹನಿ ಬಣ್ಣ ಹೋಗೋಕೆ ತಡ ಆಗುತ್ತೆ, ಗಾಬರಿ ಬೇಡ, ಸ್ವಲ್ಪ ಮ್ಯಾಂಗನೀಸ್ ಅಯಾನು ಹುಟ್ಟಿದ್ಮೇಲೆ ಅದೇ ಕ್ರಿಯೆಗೆ ವೇಗ ಕೊಡುತ್ತೆ. ಕಂದು ಬಣ್ಣ ತಿರುಗಿದ್ರೆ ಸಲ್ಫ್ಯೂರಿಕ್ ಆಸಿಡ್ ಸಾಕಾಗಿಲ್ಲ ಅಂತ ಅರ್ಥ. ಅಲ್ಲಿಗೆ ಹೈಡ್ರೋಕ್ಲೋರಿಕ್ ಹಾಕೋಂಗಿಲ್ಲ, ಪರ್ಮ್ಯಾಂಗನೇಟ್ ಅದನ್ನೇ ಕ್ಲೋರಿನ್ ಮಾಡ್ಕೊಂಡು ಕೂರುತ್ತೆ. ಇನ್ನು ಫಿನಾಲ್ಫ್ತಲೀನ್ ಹಾಕಿದಾಗ ಗುಲಾಬಿ ಹೂವಿನ ತರ ಕೆಂಪಾದ್ರೆ ನೀವು ದಾಟಿ ಹೋಗಿದೀರ, ಕಂಡೂ ಕಾಣದಂಗೆ ತಿಳಿ ಗುಲಾಬಿ ಬಂದು ನಿಲ್ಲಬೇಕು. ನಮ್ ಲ್ಯಾಬ್‌ಗೆ ಹೊಸದಾಗಿ ಬರೋ ಟ್ರೈನಿಗಳೂ ಇದನ್ನೇ ಮಾಡ್ತಾರೆ, ಅಂದ ಚೆಂದ ನೋಡ್ಕೊಂಡು ಎರಡು ಹನಿ ಜಾಸ್ತಿ.

ಹಾಲಿನ ಲೆಕ್ಕ ಒಂದಿದೆ, ಅದು ಮೇಡಂಗೆ ನಾನು ಕೊಟ್ಟಿದ್ದು, ಅವ್ರು ಮುಂದಿನ ವಾರಾನೇ ಕ್ಲಾಸಲ್ಲಿ ಹಾಕಿದ್ರು, ಇದು ಅವರ ದೊಡ್ಡ ಗುಣ. 10 ಎಂಎಲ್ ಹಾಲಿಗೆ ಎನ್/9 ಕಾಸ್ಟಿಕ್ ಸೋಡಾ 1.4 ಎಂಎಲ್ ಬೇಕಾಯ್ತು, ಲ್ಯಾಕ್ಟಿಕ್ ಆಸಿಡ್ ಲೆಕ್ಕದಲ್ಲಿ ಅಸಿಡಿಟಿ ಎಷ್ಟು ಪರ್ಸೆಂಟ್? ಲ್ಯಾಕ್ಟಿಕ್ ಆಸಿಡ್ ಅಣುತೂಕ 90, ಅದನ್ನ 9ರಿಂದ ಭಾಗಿಸಿದ್ರೆ 10, ಅಂದ್ರೆ ಒಂದು ಎಂಎಲ್ ಸೋಡಾಗೆ 10 ಮಿಲಿಗ್ರಾಂ ಆಸಿಡ್. 1.4 ಎಂಎಲ್‌ಗೆ 14 ಮಿಲಿಗ್ರಾಂ, 10 ಎಂಎಲ್ ಹಾಲಲ್ಲಿ ಅಷ್ಟಿದ್ರೆ 100 ಎಂಎಲ್‌ನಲ್ಲಿ 0.14 ಗ್ರಾಂ, ಹಂಗಾಗಿ 0.14 ಪರ್ಸೆಂಟ್. ಬ್ಯುರೆಟ್ ರೀಡಿಂಗ್‌ನ 10ರಿಂದ ಭಾಗಿಸಿದ್ರೆ ಮುಗೀತು, ಅದಕ್ಕೇ ಡೈರಿಯವ್ರು ಎನ್/9 ಅನ್ನೋ ವಿಚಿತ್ರ ಸಂಖ್ಯೆ ಇಟ್ಕೊಂಡಿರೋದು. ಅದು ತಾಜಾ ಹಾಲಿನ ಅಂಕಿ, ಅದ್ರಲ್ಲಿ ನಿಜವಾದ ಲ್ಯಾಕ್ಟಿಕ್ ಆಸಿಡ್ ಇಲ್ಲವೇ ಇಲ್ಲ ಅನ್ನಬಹುದು, ಕೇಸಿನ್ ಅನ್ನೋ ಹಾಲಿನ ಪ್ರೋಟೀನು, ಫಾಸ್ಫೇಟು ಇವೇ ಸೋಡಾ ಕುಡಿಯೋದು. ಆಲೂರಿಂದ ಬರೋ ಒಬ್ಬ ಹುಡುಗ, ಅವ್ರ ಮನೇಲಿ ಹಸು ಇದೆ, ‘ಮೇಡಂ ಹಂಗಾದ್ರೆ ಸೊಸೈಟಿಲಿ ನಮ್ ಹಾಲು ಹುಳಿ ಅಂತ ವಾಪಸ್ ಮಾಡೋದು ಎಷ್ಟಕ್ಕೆ?’ ಅಂತ ಕೇಳಿದ್ನಂತೆ. ಲೆಕ್ಕ ಅರ್ಥ ಆಯ್ತು ಅಂತ ಅದಕ್ಕಿಂತ ಗ್ಯಾರಂಟಿ ಏನ್ ಬೇಕು.

ಕನ್ನಡ ಮೀಡಿಯಂ ಮಕ್ಕಳ ವಿಷ್ಯ. ಎಸ್ಸೆಸ್ಸೆಲ್ಸಿವರೆಗೂ ಕನ್ನಡದಲ್ಲಿ ಓದಿ ಬಂದವ್ರು ಬ್ಯಾಚಲ್ಲಿ ಸುಮಾರು ಜನ ಇದಾರೆ. ಮೇಡಂ ಪ್ರಶ್ನೆನ ಇಂಗ್ಲಿಷಲ್ಲಿ ಓದ್ಸಿ, ಬಿಡಿಸೋದನ್ನ ಕನ್ನಡದಲ್ಲಿ ಮಾತಾಡ್ಸ್ತಾರೆ. ಬೋರ್ಡ್ ಹತ್ರ ಕರೆದು ‘ಈಗ ಏನ್ ಮಾಡ್ತಿದೀಯ ಬಾಯಿಬಿಟ್ಟು ಹೇಳಪ್ಪ’ ಅಂತಾರೆ. ಮೊದ್ಲು ಮಕ್ಕಳು ನಾಚ್ಕೊಂಡು ಸಾಯ್ತಾರೆ, ಆಮೇಲೆ ಸರಿ ಹೋಗುತ್ತೆ. ಆದ್ರೆ ಏಳು ಗಂಟೆ ಟೈಮಿಂಗ್ ಮಾತ್ರ ಅರಕಲಗೂಡು, ಆಲೂರು ಕಡೆಯಿಂದ ಬಸ್ಸಲ್ಲಿ ಬರೋ ಮಕ್ಕಳಿಗೆ ಕಷ್ಟ, ಭಾನುವಾರ ಬಸ್ಸೂ ಕಮ್ಮಿ, ಅವ್ರು ಬರೋಷ್ಟ್ರಲ್ಲಿ ಮೊದಲ ಲೆಕ್ಕ ಮುಗ್ದಿರುತ್ತೆ, ಆ ಮೊದಲ ಲೆಕ್ಕಾನೇ ಮುಖ್ಯ ಇಲ್ಲಿ. ಎಂಟಕ್ಕೆ ಇಡಿ ಅಂತ ಬಹಳ ಜನ ಕೇಳಿದಾರೆ.

ಸಿಇಟಿ, ನೀಟ್ ಮನಸ್ಸಲ್ಲಿಟ್ಕೊಂಡು ಬರೋರಿಗೆ ಒಂದು ಎಚ್ಚರಿಕೆ. ಇಲ್ಲಿ ಸ್ಪೀಡ್ ಸಿಗಲ್ಲ. ಸಿಇಟಿಯಲ್ಲಿ ಕೆಮಿಸ್ಟ್ರಿ 60 ಪ್ರಶ್ನೆ 80 ನಿಮಿಷ, ಇಲ್ಲಿ ಮೂರು ಕಾಲಂ ಹಾಕ್ಕೊಂಡು ಕೂತ್ರೆ ಅರ್ಧಾನೂ ಮುಗಿಯಲ್ಲ. ಎನ್ ಫ್ಯಾಕ್ಟರ್ (ಒಂದು ಅಣು ಎಷ್ಟು ಎಲೆಕ್ಟ್ರಾನ್ ಅಥವಾ ಹೈಡ್ರೋಜನ್ ಅಯಾನು ಕೊಡುತ್ತೆ, ತಗೊಳ್ಳುತ್ತೆ ಅನ್ನೋ ಸಂಖ್ಯೆ) ಹಾಕಿ ಒಂದೇ ಸಾಲಲ್ಲಿ ಉತ್ತರ ತರೋದನ್ನ ಮೇಡಂ ಕೊನೇಲಿ ಸ್ವಲ್ಪ ಹೇಳ್ತಾರೆ, ಅದೂ ಮನಸ್ಸಿಲ್ಲದ ಮನಸ್ಸಿಂದ. ನನಗನ್ಸೋದು, ಬುಡ ಗಟ್ಟಿಯಾದವ್ರಿಗೆ ಶಾರ್ಟ್‌ಕಟ್ ಎರಡು ವಾರದಲ್ಲಿ ಬರುತ್ತೆ, ಶಾರ್ಟ್‌ಕಟ್ ಮೊದ್ಲು ಕಲ್ತವ್ರಿಗೆ ಬುಡ ಆಮೇಲೆ ಬರೋದು ಕಷ್ಟ, ಆದ್ರೆ ಅದು ನನ್ನ ಅಭಿಪ್ರಾಯ, ನಿಮ್ ಮಗುಗೆ ಪರೀಕ್ಷೆಗೆ ಎರಡೇ ತಿಂಗಳಿದ್ರೆ ಇಲ್ಲಿಗೆ ಕಳಿಸಬೇಡಿ. ಬ್ಯಾಕ್ ಟೈಟ್ರೇಶನ್ ತಗೊಳ್ಳಿ, ಒಂದು ಗ್ರಾಂ ಸುಣ್ಣದ ಕಲ್ಲಿನ ಪುಡಿಗೆ 0.5 ಮೊಲಾರ್ ಹೈಡ್ರೋಕ್ಲೋರಿಕ್ 50 ಎಂಎಲ್ ಹಾಕಿ, ಉಳಿದ ಆಸಿಡ್‌ಗೆ 0.25 ಮೊಲಾರ್ ಸೋಡಿಯಂ ಹೈಡ್ರಾಕ್ಸೈಡ್ 28 ಎಂಎಲ್ ಬೇಕಾಯ್ತು ಅಂದ್ರೆ, 25 ಮಿಲಿಮೋಲ್ ಹಾಕಿದ್ವಿ, 7 ಉಳೀತು, 18 ಖರ್ಚಾಯ್ತು, ಕಾರ್ಬೊನೇಟ್ ಅದರ ಅರ್ಧ 9 ಮಿಲಿಮೋಲ್, 0.9 ಗ್ರಾಂ, 90 ಪರ್ಸೆಂಟ್ ಶುದ್ಧ. ಇದಕ್ಕೆ ಯಾವ ಶಾರ್ಟ್‌ಕಟ್ ಬೇಕು ಹೇಳಿ? ಹಾಕಿದ್ದೆಷ್ಟು ಉಳಿದಿದ್ದೆಷ್ಟು, ಅಂಗಡಿ ಲೆಕ್ಕ.

ಬಿಟ್ಟಿಯಾಗಿ ಸಿಗೋದ್ರ ಜೊತೆ ಹೋಲಿಸ್ಬೇಕಾದ್ರೆ, ಅಮೆರಿಕದ ಕೊಲೊರಾಡೊ ಯೂನಿವರ್ಸಿಟಿಯ ಫೆಟ್ ಸಿಮ್ಯುಲೇಶನ್‌ಗಳಿವೆ, ನೊಬೆಲ್ ಬಂದ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ್ದು. ಅದ್ರಲ್ಲಿ ಕಾನ್ಸಂಟ್ರೇಶನ್ ಅಂತ ಒಂದಿದೆ, ಪುಡಿ ಉದುರಿಸಬಹುದು, ನಲ್ಲಿ ತಿರುಗಿಸಿ ನೀರು ಬಿಡಬಹುದು, ಆವಿ ಮಾಡಬಹುದು, ಮೀಟರ್ ಇಟ್ಟು ಸಾರತೆ ನೋಡಬಹುದು. ಕೆಳಗಿನ ನಲ್ಲಿ ತೆಗೆದು ಅರ್ಧ ಚೆಲ್ಲಿದ್ರೆ ಮೀಟರ್ ಅಲ್ಲಾಡಲ್ಲ ಅನ್ನೋದನ್ನ ಕಣ್ಣಾರೆ ನೋಡಿದ್ರೆ ಸಾಕು ಅರ್ಧ ಪಾಠ ಆಯ್ತು. ಮಗಳು ಮೇಡಂ ಕ್ಲಾಸ್ ಜೊತೆಗೆ ಇದನ್ನೂ ಆಡ್ತಿದ್ಲು, ಎರಡೂ ಸೇರಿ ಚೆನ್ನಾಗಿ ಕೆಲಸ ಮಾಡ್ತು. ಅದೊಂದನ್ನೇ ನಂಬ್ಕೊಂಡ್ರೆ ಲೆಕ್ಕ ಬರಲ್ಲ, ಪೆನ್ನು ಹಿಡಿದು ಬರೀಲೇಬೇಕು, ಬರೆದಿದ್ದನ್ನ ನೋಡಿ ಬಯ್ಯೋರು ಒಬ್ರು ಬೇಕು.

ಬೇರೆ ಸಣ್ಣಪುಟ್ಟದ್ದು: ಮೇಲೆ ಹೋಗೋ ಮೆಟ್ಲು ಕಡಿದು, ಮಳೆ ಬಂದಾಗ ಜಾರುತ್ತೆ. ಎರಡು ಫ್ಯಾನ್ ಇದೆ ಒಂದು ತಿರುಗಲ್ಲ. ಗಾಡಿ ನಿಲ್ಸೋಕೆ ಜಾಗ ಇದೆ. ಡೌಟ್‌ನ ವಾಟ್ಸಾಪಲ್ಲಿ ಹಾಕಿದ್ರೆ ಮೇಡಂ ಉತ್ತರ ಕಳಿಸಲ್ಲ, ‘ಎರಡನೇ ಕಾಲಂ ಮತ್ತೆ ನೋಡು’ ಅಂತಷ್ಟೇ ವಾಯ್ಸ್ ಮೆಸೇಜ್ ಬರುತ್ತೆ, ಮಗಳಿಗೆ ಅದ್ರಿಂದ ಸಿಟ್ಟು ಬರುತ್ತೆ, ನನಗೆ ಖುಷಿ. ಕ್ಯಾಲ್ಕುಲೇಟರ್ ಒಳಗೆ ಬಿಡಲ್ಲ, ಸಿಇಟಿ ನೀಟ್ ಎರಡ್ರಲ್ಲೂ ಬಿಡಲ್ವಲ್ಲ ಅಂತ. ಮಧ್ಯದಲ್ಲಿ ಬಿಟ್ರೆ ಫೀಸ್ ವಾಪಸ್ ಇಲ್ಲ, ಅದನ್ನ ಮೊದಲೇ ಹೇಳ್ತಾರೆ. ಮುಂದಿನ ಬ್ಯಾಚ್‌ಗೆ ಸೇರಿಸೋರು ಡೆಮೋ ಕ್ಲಾಸ್‌ಗೆ ನೀವೂ ಹೋಗಿ ಹಿಂದೆ ಕೂರಿ, ಬುಕ್ಲೆಟ್ ತಗೊಂಡ ತಕ್ಷಣ ಹಿಂದಿನ ಉತ್ತರಗಳಲ್ಲಿ ಆಕ್ಸಾಲಿಕ್ ಆಸಿಡ್ ಹರಳಿನ ಲೆಕ್ಕದ ಮುಂದೆ 0.07 ಹೊಡೆದು 0.05 ಅಂತ ಬರ್ಕೊಳ್ಳಿ.